ಸೋಲುತ್ತಿರುವ ತಂಡದ ಪಂದ್ಯವನ್ನು ಬಹಿಷ್ಕರಿಸಬೇಕೇ, ಒಳಗೆ ಕುಳಿತು ಹುರಿದುಂಬಿಸಬೇಕೇ?

ಪ್ರಶ್ನೆ: ಪೂರ್ವ ಗ್ಯಾಲರಿ

ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಒಂದು ಊರಿನಲ್ಲಿ ನಾನು ಒಂಬತ್ತು ವರ್ಷಗಳಿಂದ ನೆಲೆಸಿದ್ದೇನೆ. ಬಂದ ಹೊಸತರಲ್ಲಿ ನೆರೆಮನೆಯ ಹಿರಿಯರೊಬ್ಬರು, ತಮ್ಮ ಪತ್ನಿ ತೀರಿಕೊಂಡ ಮೇಲೆ ಖಾಲಿ ಉಳಿದಿದ್ದ ಸೀಸನ್ ಟಿಕೆಟ್ಟನ್ನು ನನ್ನ ಕೈಗಿಟ್ಟು ರಗ್ಬಿ ಲೀಗ್ ಪಂದ್ಯಕ್ಕೆ ಕರೆದೊಯ್ದರು. ಹದಿನೈದು ಜನರ ರಗ್ಬಿ ಯೂನಿಯನ್ ಬೇರೆ, ಹದಿಮೂರು ಜನರ ನಮ್ಮ ಲೀಗ್ ಬೇರೆ ಎಂಬುದನ್ನು ಅವರು ಮೊದಲ ದಿನವೇ ಸ್ವಲ್ಪ ಖಾರವಾಗಿಯೇ ತಿಳಿಸಿದರು. ಶನಿವಾರ ಆಡಲು ಹೋದ ಗಣಿ ಮತ್ತು ಗಿರಣಿ ಕಾರ್ಮಿಕರಿಗೆ ಕಳೆದುಹೋದ ಕೂಲಿಯನ್ನು ಕಟ್ಟಿಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ ಉತ್ತರದ ಕ್ಲಬ್ಬುಗಳು 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆಯಾದದ್ದನ್ನು ಅವರು ತಮ್ಮ ಮನೆಯ ಆಸ್ತಿ ಪಾಲಾದ ಕಥೆಯಂತೆ ಹೇಳುತ್ತಾರೆ.

ವಿಷಯಕ್ಕೆ ಬರುತ್ತೇನೆ. ಈ ಋತುವಿನಲ್ಲಿ ನಮ್ಮ ತಂಡ ಹನ್ನೊಂದು ಪಂದ್ಯಗಳಲ್ಲಿ ಗೆದ್ದದ್ದು ಎರಡನ್ನು ಮಾತ್ರ. ಕಳೆದ ವಾರ ನಮ್ಮದೇ ಮೈದಾನದಲ್ಲಿ 48–6ರಿಂದ ಸೋತೆವು. ಅದಾದ ಮೇಲೆ ಅಭಿಮಾನಿಗಳ ಒಂದು ಗುಂಪು ಸಭೆ ಸೇರಿ, ಮುಂದಿನ ಪಂದ್ಯದ ಮೊದಲರ್ಧದಲ್ಲಿ ಯಾರೂ ಒಳಗೆ ಹೋಗದೆ ಗೇಟಿನ ಹೊರಗೇ ನಿಂತು, ಕೋಚ್ ಹಾಗೂ ಅಧ್ಯಕ್ಷರ ರಾಜೀನಾಮೆಗೆ ಒತ್ತಾಯಿಸಬೇಕೆಂದು ತೀರ್ಮಾನಿಸಿದೆ. ನನ್ನ ಕೈಬರಹ ಚೆನ್ನಾಗಿದೆ ಎಂಬ ಕಾರಣಕ್ಕೆ ಘೋಷಣೆ ಬರೆದುಕೊಡುವ ಕೆಲಸವನ್ನು ನನಗೆ ವಹಿಸಿ, ಮೂರು ದೊಡ್ಡ ರಟ್ಟುಗಳನ್ನೂ ಒಂದು ಕಪ್ಪು ಮಾರ್ಕರನ್ನೂ ಮನೆಗೆ ತಂದುಕೊಟ್ಟು ಹೋಗಿದ್ದಾರೆ. ನಾಲ್ಕು ದಿನಗಳಿಂದ ಅವು ಗೋಡೆಗೆ ಒರಗಿಕೊಂಡೇ ಇವೆ.

ನನಗೆ ಬರೆಯಲು ಮನಸ್ಸಿಲ್ಲ. ಸೋತು ಸುಣ್ಣವಾಗಿರುವ ಹುಡುಗರು ಮೈದಾನಕ್ಕಿಳಿದಾಗ ಕಾಣಬೇಕಾದದ್ದು ಖಾಲಿ ಕುರ್ಚಿಗಳಲ್ಲ ಎನ್ನಿಸುತ್ತದೆ. ಹಾಗೆಂದು ಹೇಳಿದ್ದಕ್ಕೆ ತರುಣನೊಬ್ಬ ನನ್ನನ್ನು ಆಡಳಿತ ಮಂಡಳಿಯ ಬಾಲಬಡುಕ ಎಂದ. ಸುಮ್ಮನೆ ಚಪ್ಪಾಳೆ ತಟ್ಟುವುದೆಂದರೆ ತಪ್ಪನ್ನು ಒಪ್ಪಿಕೊಂಡಂತೆಯೇ? ಇಂಥ ಸಂದರ್ಭವನ್ನು ಹಾದುಬಂದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ತಿಳಿಸಬೇಕು.

ಉತ್ತರ 1: ಹಂಟರ್ ದಂಡೆ

ನಾನಿರುವುದು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ನ್ಯೂಕ್ಯಾಸಲ್‌ನಲ್ಲಿ. ಸೋಲಿನ ವಿಷಯದಲ್ಲಿ ನಮ್ಮ ನೈಟ್ಸ್ ತಂಡದ ಅನುಭವ ತಮಗಿಂತ ದೊಡ್ಡದೆಂದು ಯಾವ ಹೆಮ್ಮೆಯೂ ಇಲ್ಲದೆ ಹೇಳಬಲ್ಲೆ. 2015, 2016, 2017, ಮೂರೂ ವರ್ಷ ನಮ್ಮದೇ ಕೊನೆಯ ಸ್ಥಾನ. ಇಲ್ಲಿ ಅದನ್ನು ಮರದ ಸೌಟು ಗೆಲ್ಲುವುದು ಎನ್ನುತ್ತಾರೆ. 2016ರಲ್ಲಿ ಆಡಿದ 24 ಪಂದ್ಯಗಳಲ್ಲಿ ಗೆದ್ದದ್ದು ಒಂದು, ಸಮವಾದದ್ದು ಒಂದು, ಉಳಿದ 22ರಲ್ಲೂ ಸೋಲು.

ಆ ವರ್ಷಗಳಲ್ಲಿ ನಾನು ಕಂಡದ್ದೇನೆಂದರೆ, ಈ ಊರಿನ ಜನ ಬರುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಿದ್ದರು, ಕಾರು ನಿಲ್ಲಿಸಿದ ಜಾಗದಿಂದ ಗೇಟಿನವರೆಗೂ ಗೊಣಗುತ್ತಿದ್ದರು, ಆದರೆ ಬರುತ್ತಿದ್ದರು. ಅದಕ್ಕೊಂದು ಹಿನ್ನೆಲೆಯಿದೆ. 1997ರ ಏಪ್ರಿಲ್‌ನಲ್ಲಿ ಬಿಎಚ್‌ಪಿ ಕಂಪನಿಯು ಇಲ್ಲಿನ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ ಘೋಷಿಸಿತು. ಅದೇ ಸೆಪ್ಟೆಂಬರಿನಲ್ಲಿ, ಇನ್ನೇನು ಆಟ ಮುಗಿಯಲು ಕೆಲವೇ ಸೆಕೆಂಡುಗಳಿವೆ ಎನ್ನುವಾಗ ಡ್ಯಾರೆನ್ ಆಲ್ಬರ್ಟ್ ಗಳಿಸಿದ ಟ್ರೈಯಿಂದ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ತಾಗಿಸುವುದು) ನೈಟ್ಸ್ ತಂಡ ಮ್ಯಾನ್ಲಿಯನ್ನು 22–16ರಿಂದ ಸೋಲಿಸಿ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಕೆಲಸ ಹೋಗುವ ಭಯದಲ್ಲಿದ್ದ ಊರಿಗೆ ಆ ತಂಡ ಏನನ್ನು ಕೊಟ್ಟಿತೋ, ಇಪ್ಪತ್ತು ವರ್ಷಗಳ ಮೇಲೆ ಊರು ಅದನ್ನೇ ತಂಡಕ್ಕೆ ಹಿಂದಿರುಗಿಸುತ್ತಿತ್ತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಅದರಿಂದ ಫಲ ಸಿಕ್ಕಿತೇ ಎಂದು ಕೇಳಿದರೆ ಪ್ರಾಮಾಣಿಕವಾಗಿ ಹೌದು ಎನ್ನಲಾರೆ. 2023ರಲ್ಲಿ ಸತತ ಹತ್ತು ಪಂದ್ಯ ಗೆದ್ದೆವು, ನಮ್ಮ ಕೇಲಿನ್ ಪೋಂಗಾಗೆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಬಂತು, ಊರೇ ಕೆಂಪು ನೀಲಿಯಾಯಿತು. 2025ರಲ್ಲಿ ಮತ್ತೆ ಅದೇ ಮರದ ಸೌಟು. ಆದ್ದರಿಂದ, ಬೆಂಬಲಿಸಿದರೆ ತಂಡ ಗೆದ್ದೇ ಗೆಲ್ಲುತ್ತದೆ ಎಂಬ ಲೆಕ್ಕದಲ್ಲಿ ಒಳಗೆ ಕೂರಬೇಡಿ. ಖಾಲಿ ಮೈದಾನದಲ್ಲಿ ಸೋಲುವ ತಂಡವನ್ನು ಮುಂದಿನ ವರ್ಷ ಸೇರಲು ಯಾವ ಒಳ್ಳೆಯ ಆಟಗಾರ ಬರುತ್ತಾನೆ ಎಂಬ ಪ್ರಶ್ನೆಯನ್ನಂತೂ ಹೊರಗೆ ನಿಲ್ಲುವವರನ್ನು ಕೇಳಬಹುದು.

ಉತ್ತರ 2: ಹಳೆಯ ಟಿಕೆಟ್

ಮೇಲಿನವರ ಮಾತನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ರಗ್ಬಿ ಲೀಗ್ ಇಂದು ಈ ರೂಪದಲ್ಲಿ ಉಳಿದಿರುವುದಕ್ಕೆ ಪ್ರತಿಭಟನೆಯೂ ಒಂದು ಕಾರಣ. 1995ರಲ್ಲಿ ರೂಪರ್ಟ್ ಮರ್ಡಾಕ್ ಅವರ ಟೆಲಿವಿಷನ್ ಹಣದೊಂದಿಗೆ ಇಂಗ್ಲೆಂಡಿನಲ್ಲಿ ಸೂಪರ್ ಲೀಗ್ ಎಂಬ ಮೇಲ್ದರ್ಜೆಯ ಸ್ಪರ್ಧೆ ರೂಪುಗೊಂಡಾಗ, ಕ್ಯಾಸಲ್‌ಫರ್ಡ್, ಫೆದರ್‌ಸ್ಟೋನ್ ಮತ್ತು ವೇಕ್‌ಫೀಲ್ಡ್ ಕ್ಲಬ್ಬುಗಳನ್ನು ಒಂದುಗೂಡಿಸಿ ‘ಕಾಲ್ಡರ್’ ಎಂಬ ತಂಡ ಕಟ್ಟುವುದು, ಹಲ್ ನಗರದ ಎರಡು ಬದ್ಧವೈರಿ ಕ್ಲಬ್ಬುಗಳನ್ನು ಬೆಸೆದು ‘ಹಂಬರ್‌ಸೈಡ್’ ಎಂದು ಹೆಸರಿಡುವುದು, ಹೀಗೆಲ್ಲ ಕಾಗದದ ಮೇಲೆ ಯೋಜನೆಗಳು ಸಿದ್ಧವಾಗಿದ್ದವು. ಜನ ಮೈದಾನಗಳಲ್ಲಿ, ಬೀದಿಗಳಲ್ಲಿ ಎದ್ದುನಿಂತ ಮೇಲೆ ಅವನ್ನು ಕೈಬಿಡಲಾಯಿತು. ಅಂದು ಎಲ್ಲರೂ ಶಿಸ್ತಾಗಿ ಕುಳಿತು ಚಪ್ಪಾಳೆ ತಟ್ಟಿದ್ದರೆ ಆ ಎರಡರಲ್ಲಿ ಒಂದಾದ ಹಲ್ ಕೆಆರ್ ಎಂಬ ತಂಡವೇ ಇರುತ್ತಿರಲಿಲ್ಲ. 2016ರಲ್ಲಿ ಕೆಳದರ್ಜೆಗೆ ಜಾರಿದ, 2020ರಲ್ಲಿ ಪಟ್ಟಿಯ ಕೊನೆಯಲ್ಲಿದ್ದರೂ ಕೋವಿಡ್ ಕಾರಣದಿಂದ ಹಿಂಬಡ್ತಿ ಇಲ್ಲದೆ ಬಚಾವಾದ ಅದೇ ತಂಡ, 1985ರ ನಂತರ ದೊಡ್ಡ ಪ್ರಶಸ್ತಿಯನ್ನೇ ಕಾಣದಿದ್ದ ತಂಡ, 2025ರಲ್ಲಿ ಚಾಲೆಂಜ್ ಕಪ್, ಲೀಗ್ ಅಗ್ರಸ್ಥಾನದ ಫಲಕ, ಚಾಂಪಿಯನ್ ಯಾರೆಂದು ನಿರ್ಧರಿಸುವ ಗ್ರ್ಯಾಂಡ್ ಫೈನಲ್ ಮೂರನ್ನೂ ಗೆದ್ದಿತು.

ಸಿಡ್ನಿಯ ಸೌತ್ ಸಿಡ್ನಿ ರ‍್ಯಾಬಿಟೋಸ್ ಕ್ಲಬ್ಬಿನ ಕಥೆ ಇನ್ನೂ ದೊಡ್ಡದು. 1908ರಲ್ಲಿ ಅಲ್ಲಿನ ಲೀಗನ್ನು ಆರಂಭಿಸಿದ ಕ್ಲಬ್ಬುಗಳಲ್ಲಿ ಒಂದಾದ ಇದನ್ನು, ತಂಡಗಳ ಸಂಖ್ಯೆಯನ್ನು ಇಳಿಸಬೇಕೆಂಬ ನೆಪದಲ್ಲಿ, 1999ರ ಋತು ಮುಗಿದ ಮೇಲೆ ಲೀಗಿನಿಂದ ಹೊರಹಾಕಿದರು. 2000ದ ನವೆಂಬರಿನಲ್ಲಿ ಸುಮಾರು 80,000 ಜನ ಸಿಡ್ನಿಯ ಟೌನ್ ಹಾಲ್‌ವರೆಗೆ ನಡೆದರು. ಮರುವರ್ಷ ಫೆಡರಲ್ ನ್ಯಾಯಾಲಯದ ಮೇಲ್ಮನವಿಯಲ್ಲಿ ಗೆದ್ದು, 2002ರಲ್ಲಿ ತಂಡ ಮೈದಾನಕ್ಕೆ ಮರಳಿತು.

ಆದರೆ ಇಷ್ಟು ಬರೆದ ಮೇಲೆ ನನ್ನ ವಾದವನ್ನೇ ನಾನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ. ಮರಳಿ ಬಂದ ಸೌತ್ಸ್ ಏನು ಮಾಡಿತು? 2003ರಲ್ಲಿ ಕೊನೆಯ ಸ್ಥಾನ, 2004ರಲ್ಲಿ ಕೊನೆಯ ಸ್ಥಾನ, 2006ರಲ್ಲಿ ಮತ್ತೊಮ್ಮೆ. ಬೀದಿಯಲ್ಲಿ ನಡೆದ ಜನರೇ ಆ ಸೋಲುಗಳನ್ನೂ ಕುಳಿತು ನೋಡಿದರು. ಸೋತದ್ದಕ್ಕಾಗಿ ಮತ್ತೊಂದು ಮೆರವಣಿಗೆ ಹೊರಡಿಸಲಿಲ್ಲ. 2006ರಲ್ಲಿ ನಟ ರಸೆಲ್ ಕ್ರೋ ಮತ್ತು ಅವರ ಪಾಲುದಾರರಿಗೆ ಶೇಕಡಾ 75ರಷ್ಟು ಪಾಲು ಕೊಡಬೇಕೇ ಎಂಬ ಪ್ರಶ್ನೆ ಬಂದಾಗ ಸದಸ್ಯರು ಮತ ಹಾಕಿ ನಿರ್ಧರಿಸಿದರು. 2014ರಲ್ಲಿ, 43 ವರ್ಷಗಳ ನಂತರ, ಕೆನ್ನೆಯ ಮೂಳೆ ಮುರಿದುಕೊಂಡೇ ಆಡಿದ ಸ್ಯಾಮ್ ಬರ್ಜೆಸ್ ಅವರ ಜೊತೆ ಕಪ್ ಮರಳಿ ಬಂತು.

ಆದ್ದರಿಂದ ತಮ್ಮ ಗುಂಪಿನವರನ್ನು ಕೇಳಬೇಕಾದ ಪ್ರಶ್ನೆ ಇದು: ನಿಮ್ಮ ಕ್ಲಬ್ಬನ್ನು ಯಾರಾದರೂ ಮುಚ್ಚುತ್ತಿದ್ದಾರೆಯೇ, ಮಾರುತ್ತಿದ್ದಾರೆಯೇ, ಆಟಗಾರರಿಗೆ ಸಂಬಳ ತಡವಾಗುತ್ತಿದೆಯೇ? 2025ರಲ್ಲಿ ಸಾಲ್‌ಫರ್ಡ್‌ನಲ್ಲಿ ಅದೆಲ್ಲವೂ ನಡೆಯಿತು. ಹಣಕಾಸಿನ ನಿರ್ಬಂಧದ ನೆರಳಿನಲ್ಲಿ, ಹೆಚ್ಚಾಗಿ ಎಳೆಯ ಹುಡುಗರನ್ನೇ ಇಳಿಸಿ ಋತುವಿನ ಮೊದಲ ಪಂದ್ಯವನ್ನೇ ಸೇಂಟ್ ಹೆಲೆನ್ಸ್‌ಗೆ 82–0ರಿಂದ ಸೋತ ಮೇಲೆ, ಅಲ್ಲಿನ ಅಭಿಮಾನಿಗಳ ಕೋಪ ಮಾಲೀಕರ ಕಡೆ ತಿರುಗಿತೇ ಹೊರತು ಆ ಹುಡುಗರ ಕಡೆಗಲ್ಲ. ಅಲ್ಲಿ ಪ್ರತಿಭಟಿಸಿದವರನ್ನು ಯಾರೂ ತಪ್ಪೆನ್ನಲಾರರು. ಬರೀ ಪಂದ್ಯ ಸೋತದ್ದಕ್ಕೆ ಗೇಟಿನ ಹೊರಗೆ ನಿಲ್ಲುವುದು ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಪ್ರಶ್ನಿಸಿದವರ ಮಾತು: ಪೂರ್ವ ಗ್ಯಾಲರಿ

ಇಬ್ಬರಿಗೂ ಕೃತಜ್ಞತೆಗಳು. ನಮ್ಮಲ್ಲಿ ಸಂಬಳ ನಿಂತಿಲ್ಲ, ಕ್ಲಬ್ಬನ್ನು ಮಾರುವ ಸುದ್ದಿಯೂ ಇಲ್ಲ. ಇಬ್ಬರು ಅನುಭವಿ ಫಾರ್ವರ್ಡ್‌ಗಳು ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ, ಹಾಫ್‌ಬ್ಯಾಕ್ ಹೊಸಬ, ಆಟಗಾರರ ಆಯ್ಕೆಯಲ್ಲಿ ಕೋಚ್ ಮೊಂಡು. ಆದರೆ ಆಡಳಿತ ಮಂಡಳಿಯು ಕಳೆದ ಚಳಿಗಾಲದಲ್ಲಿ ಬಿಟ್ಟುಕೊಟ್ಟ ಆಟಗಾರರ ಜಾಗಕ್ಕೆ ಯಾರನ್ನೂ ತರಲಿಲ್ಲ ಎಂಬ ದೂರು ನ್ಯಾಯವಾದದ್ದೇ. ಅದನ್ನು ಕೇಳದೆ ಬಿಡುವುದೂ ಸರಿಯೆನಿಸುವುದಿಲ್ಲ.

ಉತ್ತರ 3: ಜಮಾ ಖರ್ಚು

ಭಾವನೆಯನ್ನು ಪಕ್ಕಕ್ಕಿಟ್ಟು ಲೆಕ್ಕವನ್ನು ನೋಡೋಣ. ಇಂಗ್ಲೆಂಡಿನಲ್ಲಿ ಈಗ ಯಾವ ಕ್ಲಬ್ ಸೂಪರ್ ಲೀಗಿನಲ್ಲಿ ಇರಬೇಕೆಂಬುದನ್ನು ಬರೀ ಅಂಕಪಟ್ಟಿ ನಿರ್ಧರಿಸುವುದಿಲ್ಲ. ಐಎಂಜಿ ಎಂಬ ಕ್ರೀಡಾ ವ್ಯವಹಾರ ಸಂಸ್ಥೆಯ ಸಲಹೆಯಂತೆ ಜಾರಿಗೆ ಬಂದ ಶ್ರೇಣಿ ಪದ್ಧತಿಯಲ್ಲಿ ಪ್ರತಿ ಕ್ಲಬ್ಬಿಗೂ 20ಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. 15 ದಾಟಿದರೆ ಎ ದರ್ಜೆ, ಸ್ಥಾನ ಭದ್ರ. ಆ ಪದ್ಧತಿಯನ್ನು ರೂಪಿಸಿದಾಗ ಮೈದಾನದ ಸಾಧನೆಗೆ ಇಟ್ಟದ್ದು 5 ಅಂಕ, ಅಭಿಮಾನಿ ಬಳಗಕ್ಕೆ ಇಟ್ಟದ್ದೂ ಅಷ್ಟೇ 5. ಉಳಿದದ್ದು ಹಣಕಾಸು, ಕ್ರೀಡಾಂಗಣ ಮತ್ತು ಸಮುದಾಯಕ್ಕೆ ಹಂಚಿಹೋಗುತ್ತದೆ. ಅಭಿಮಾನಿ ಬಳಗದ ಅಂಕವನ್ನು ಲೆಕ್ಕಹಾಕುವಾಗ ಮೈದಾನಕ್ಕೆ ಬಂದವರ ಸಂಖ್ಯೆಯನ್ನೂ ನೋಡುತ್ತಾರೆ.

ಎಂದರೆ, ತಂಡ ಸೋತು ಒಂದು ಕಡೆ ಅಂಕ ಕಳೆದುಕೊಳ್ಳುತ್ತಿರುವಾಗ ಅಭಿಮಾನಿಗಳು ಬಾರದೆ ಇನ್ನೊಂದು ಕಡೆಯೂ ಕಳೆಯುತ್ತಾರೆ. 2023ರಲ್ಲಿ ಎರಡನೆಯ ದರ್ಜೆಯ ಗ್ರ್ಯಾಂಡ್ ಫೈನಲ್ ಗೆದ್ದು ಮೇಲೇರಿದ ಲಂಡನ್ ಬ್ರಾಂಕೋಸ್, ಶ್ರೇಣಿ ಅಂಕ ಸಾಲದೆ 2024ರ ಕೊನೆಗೆ ಕೆಳಗಿಳಿಯಿತು. ಅದರ ಜಾಗಕ್ಕೆ ಬಂದ ವೇಕ್‌ಫೀಲ್ಡ್ ಟ್ರಿನಿಟಿ 2023ರಲ್ಲಿ ಕೆಳಗಿಳಿದಿತ್ತು. ಹೊಸ ಮಾಲೀಕರು ಬಂದರು, ಜನ ಕೆಳದರ್ಜೆಯ ಪಂದ್ಯಗಳಿಗೂ ಬೆಲ್ ವ್ಯೂ ಮೈದಾನ ತುಂಬಿದರು, ಒಂದೇ ವರ್ಷದಲ್ಲಿ ತಂಡ ಮೇಲೆ ಬಂತು. ಕೋಚ್ ಮೇಲಿನ ಸಿಟ್ಟಿಗೆ ಶ್ರೇಣಿಯನ್ನೇ ಕಳೆದುಕೊಂಡರೆ, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಆಗುತ್ತದೆ. ಕೋಚ್ ಹೇಗೂ ಒಂದು ದಿನ ಹೋಗುತ್ತಾರೆ.

ಬೆಂಬಲವೆಂದರೆ ಕಣ್ಣು ಮುಚ್ಚಿ ಹಣ ಕೊಡುವುದೂ ಅಲ್ಲ ಎಂಬುದನ್ನು ಬ್ರ್ಯಾಡ್‌ಫರ್ಡ್ ಬುಲ್ಸ್ ಕಲಿಸಿದೆ. 1997, 2001, 2003, 2005ರಲ್ಲಿ ಚಾಂಪಿಯನ್ ಆಗಿದ್ದ ಕ್ಲಬ್ 2012ರಲ್ಲಿ ದಿವಾಳಿಯ ಅಂಚಿಗೆ ಬಂದಾಗ ಅಭಿಮಾನಿಗಳು ಜೇಬಿನಿಂದ ಲಕ್ಷಗಟ್ಟಲೆ ಪೌಂಡು ಕೊಟ್ಟರು. ಆ ಹಣ ಕ್ಲಬ್ಬಿಗೆ ಉಸಿರು ಕೊಟ್ಟಿತು, ಆದರೆ ಹಣ ಸೋರುತ್ತಿದ್ದ ತೂತು ಮುಚ್ಚಲಿಲ್ಲ. 2014ರಲ್ಲಿ ಹಿಂಬಡ್ತಿ, 2017ರ ಜನವರಿಯಲ್ಲಿ ಕಂಪನಿಯೇ ಮುಚ್ಚಿಹೋಗಿ, ಹೊಸದಾಗಿ ಕಟ್ಟಿದ ಕ್ಲಬ್ ಎರಡನೆಯ ದರ್ಜೆಯಲ್ಲಿ ಋಣ 12 ಅಂಕಗಳಿಂದ ಋತುವನ್ನು ಆರಂಭಿಸಿತು. ಟಿಕೆಟ್ ಕೊಂಡವರಿಗೆ ಪ್ರಶ್ನೆ ಕೇಳುವ ಹಕ್ಕಿದೆ. ಅಭಿಮಾನಿಗಳ ಸಭೆ ಕರೆಯಲು ಪತ್ರ ಬರೆಯಿರಿ. ಆಟಗಾರರ ಖರೀದಿಗೆಂದು ಎಷ್ಟು ಇಟ್ಟಿದ್ದಿರಿ, ಎಷ್ಟು ಖರ್ಚು ಮಾಡಿದಿರಿ, ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳಿ. ‘ರಾಜೀನಾಮೆ ಕೊಡಿ’ ಎಂಬ ಫಲಕಕ್ಕೆ ಉತ್ತರ ಕೊಡುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಲೆಕ್ಕ ಕೇಳಿದ ಪತ್ರಕ್ಕೆ ಉತ್ತರ ಕೊಡದಿದ್ದರೆ ಅದೇ ಸುದ್ದಿಯಾಗುತ್ತದೆ.

ಉತ್ತರ 4: ಗೆರೆಯಂಚು

ನಾನು ಕೆಲವು ವರ್ಷ ಹವ್ಯಾಸಿ ಪಂದ್ಯಗಳಲ್ಲಿ ಟಚ್ ಜಡ್ಜ್ (ಗೆರೆಯ ತೀರ್ಪುಗಾರ) ಆಗಿ ಬಾವುಟ ಹಿಡಿದವನು. ಗ್ಯಾಲರಿಯಲ್ಲಿ ಕಾಣದ ಒಂದು ವಿಷಯವನ್ನು ಹೇಳುತ್ತೇನೆ.

48–6 ಎಂಬ ಅಂಕಗಳನ್ನು ನೋಡಿದವರು ಹುಡುಗರು ಪ್ರಯತ್ನವನ್ನೇ ಬಿಟ್ಟರು ಎನ್ನುತ್ತಾರೆ. ಲೀಗಿನ ರೂಢಿಯಲ್ಲಿ ಟ್ರೈ ಬಿಟ್ಟುಕೊಟ್ಟ ತಂಡವೇ ಮತ್ತೆ ಕಿಕ್-ಆಫ್ ಮಾಡಬೇಕು. ಎಂದರೆ ಅಂಕ ಗಳಿಸಿದವರ ಕೈಗೇ ಚೆಂಡು ಮರಳುತ್ತದೆ, ಚೆಂಡು ಹಿಡಿದವನನ್ನು ಆರು ಸಲ ಹಿಡಿದು ಕೆಡವುವವರೆಗೆ, ಅಂದರೆ ಅವರಿಗೆ ಮತ್ತೆ ಆರು ಟ್ಯಾಕಲ್‌ಗಳ ಅವಕಾಶ. ಪ್ರತಿ ಟ್ಯಾಕಲ್ ಆದಾಗಲೂ ರಕ್ಷಣೆಯ ಸಾಲು ಹತ್ತು ಮೀಟರ್ ಹಿಂದಕ್ಕೆ ಓಡಿ, ಮತ್ತೆ ಮುಂದೆ ನುಗ್ಗಬೇಕು. ಆರನೆಯದರಲ್ಲಿ ಎದುರಾಳಿ ಚೆಂಡನ್ನು ಮೂಲೆಗೆ ಒದ್ದರೆ, ದಣಿದವರು ತಮ್ಮದೇ ಗೋಲ್ ಗೆರೆಯ ಮುಂದಿನಿಂದ ಆಟ ಶುರು ಮಾಡಬೇಕು. ಅಲ್ಲಿ ಒಮ್ಮೆ ಚೆಂಡು ಕೈಜಾರಿತೆಂದರೆ ಇನ್ನೊಂದು ಟ್ರೈ, ಮತ್ತೆ ನಮ್ಮದೇ ಕಿಕ್-ಆಫ್. ಹತ್ತು ನಿಮಿಷದಲ್ಲಿ ಹದಿನೆಂಟು ಅಂಕ ಹೋಗುವುದು ಹೀಗೆ. ಅದರಲ್ಲಿ ಸೋಮಾರಿತನಕ್ಕಿಂತ ದಣಿವೇ ಹೆಚ್ಚು.

ಗೆರೆಯ ಬಳಿ ನಿಂತವರಿಗೆ ಆ ದಣಿವು ಕಿವಿಗೆ ಕೇಳಿಸುತ್ತದೆ. ಚೆನ್ನಾಗಿ ರಕ್ಷಿಸುವ ತಂಡ ಎಡೆಬಿಡದೆ ಮಾತಾಡುತ್ತಿರುತ್ತದೆ: ಎಡಕ್ಕೆ ಬಾ, ನನ್ನವನು ಇವನು, ಒಟ್ಟಿಗೆ ಮುಂದೆ ನಡೆಯಿರಿ. ಸೋಲುವ ತಂಡದಲ್ಲಿ ಮೊದಲು ನಿಲ್ಲುವುದು ಕಾಲಲ್ಲ, ಈ ಮಾತು. ಇಪ್ಪತ್ತು ಅಂಕ ಹಿಂದಿರುವಾಗ ಹದಿಮೂರು ಜನ ಮೌನವಾಗಿ ನಿಂತಿರುತ್ತಾರೆ, ಪ್ರತಿಯೊಬ್ಬನೂ ಒಬ್ಬಂಟಿ. ಆ ಹೊತ್ತಿನಲ್ಲಿ ಗ್ಯಾಲರಿಯೂ ಮೌನವಾದರೆ ಮುಗಿಯಿತು.

ತಾವು ಒಳಗೆ ಹೋಗುವುದಾದರೆ ಒಂದು ಸಲಹೆ. ಟ್ರೈ ಬಂದಾಗ ಎಲ್ಲರೂ ಕೂಗುತ್ತಾರೆ, ಅದಕ್ಕೆ ತಾವು ಬೇಕಿಲ್ಲ. ನಮ್ಮ ಗೋಲ್ ಗೆರೆಯ ಮುಂದೆ ನಾಲ್ಕನೆಯ ಟ್ಯಾಕಲ್, ಐದನೆಯ ಟ್ಯಾಕಲ್ ಆಗುವಾಗ ಎದ್ದುನಿಂತು ಕೂಗಿ. ಯಾರೂ ನೋಡದ ಆ ಕೆಲಸವನ್ನು ಯಾರೋ ನೋಡುತ್ತಿದ್ದಾರೆಂದು ಮುಂದಿನ ಸಾಲಿನಲ್ಲಿ ಆಡುವ ಆ ಪ್ರಾಪ್‌ಗೆ ಗೊತ್ತಾಗಲಿ.

ಉತ್ತರ 5: ಆಕ್ಲೆಂಡ್ ಮಳೆ

ಚಿಕ್ಕದೊಂದು ಸೇರ್ಪಡೆ. ನಮ್ಮ ನ್ಯೂಜಿಲೆಂಡ್ ವಾರಿಯರ್ಸ್ 1995ರಿಂದ ಆಡುತ್ತಿದೆ, ಇದುವರೆಗೆ ಒಮ್ಮೆಯೂ ಚಾಂಪಿಯನ್ ಆಗಿಲ್ಲ. ಕೋವಿಡ್ ಕಾಲದಲ್ಲಿ ಮನೆ ಮಠ ಬಿಟ್ಟು ಆಸ್ಟ್ರೇಲಿಯದಲ್ಲೇ ಉಳಿದು ಆಡಿದರು. 2022ರ ಜುಲೈ 3ರಂದು ಸುಮಾರು ಮೂರು ವರ್ಷಗಳ ನಂತರ ಮೌಂಟ್ ಸ್ಮಾರ್ಟ್ ಮೈದಾನಕ್ಕೆ ಮರಳಿದಾಗ ತಂಡ ಪಟ್ಟಿಯ ಕೆಳಭಾಗದಲ್ಲಿತ್ತು, ಕ್ರೀಡಾಂಗಣ ಮಾತ್ರ ಭರ್ತಿಯಾಗಿತ್ತು. ವೆಸ್ಟ್ಸ್ ಟೈಗರ್ಸ್ ವಿರುದ್ಧ 22–2ರಿಂದ ಗೆದ್ದರು. ಆ ವರ್ಷ 15ನೆಯ ಸ್ಥಾನ, ಮರುವರ್ಷ 4ನೆಯದು. ಮಧ್ಯದಲ್ಲಿ ಹೊಸ ಕೋಚ್ ಬಂದದ್ದೂ ನಿಜ; ಅದನ್ನು ಬಚ್ಚಿಟ್ಟು ಎಲ್ಲವೂ ಚಪ್ಪಾಳೆಯಿಂದಲೇ ಆಯಿತೆಂದರೆ ಸುಳ್ಳಾಗುತ್ತದೆ.

ಪ್ರಶ್ನಿಸಿದವರ ಮಾತು: ಪೂರ್ವ ಗ್ಯಾಲರಿ

ಪಂದ್ಯ ಮುಗಿಸಿ ಬಂದು ಬರೆಯುತ್ತಿದ್ದೇನೆ. ಗುರುವಾರ ರಾತ್ರಿ ಗುಂಪಿನವರನ್ನು ಭೇಟಿಯಾಗಿ, ಘೋಷಣೆ ಬರೆಯಲಾರೆ ಎಂದೂ, ಲೆಕ್ಕ ಕೇಳುವ ಪತ್ರವನ್ನು ಬೇಕಾದರೆ ನಾನೇ ಬರೆದುಕೊಡುತ್ತೇನೆಂದೂ ತಿಳಿಸಿದೆ. ಅರ್ಧದಷ್ಟು ಜನ ಒಪ್ಪಿ ಸಹಿ ಹಾಕಿದರು. ಉಳಿದವರು ಹೊರಗೇ ನಿಂತರು; ಬಾಲಬಡುಕ ಎಂದವನು ಈಗಲೂ ಹಾಗೆಯೇ ಎನ್ನುತ್ತಾನೆ. ಪತ್ರವನ್ನು ಕ್ಲಬ್ಬಿನ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಪಂದ್ಯವನ್ನು 26–20ರಿಂದ ಸೋತೆವು. ಅರವತ್ತನೆಯ ನಿಮಿಷದ ಸುಮಾರಿಗೆ ನಮ್ಮ ಗೋಲ್ ಗೆರೆಯ ಮುಂದೆ ಎದುರಾಳಿಗಳಿಗೆ ಸಾಲಾಗಿ ಮೂರು ಬಾರಿ ಆರಾರು ಟ್ಯಾಕಲ್ ಸಿಕ್ಕವು. ಗೆರೆಯಂಚಿನವರ ಮಾತು ನೆನಪಾಗಿ ನಾನು ಎದ್ದುನಿಂತೆ. ಮೊದಲ ಸಲ ಕೂಗಿದಾಗ ಅಕ್ಕಪಕ್ಕದವರು ತಿರುಗಿ ನೋಡಿದರು. ಹನ್ನೆರಡನೆಯ ಟ್ಯಾಕಲ್ ಹೊತ್ತಿಗೆ ನಮ್ಮ ಸಾಲು ಪೂರ್ತಿ ನಿಂತಿತ್ತು. ಹದಿನೆಂಟನೆಯದರಲ್ಲಿ ಹತ್ತೊಂಬತ್ತರ ಹರೆಯದ ನಮ್ಮ ಪ್ರಾಪ್ ಎದುರಾಳಿಯನ್ನು ಅಂಗಾತ ಹಿಡಿದು, ಚೆಂಡು ಗೆರೆಗೆ ತಾಗದಂತೆ ತನ್ನ ಎದೆಯನ್ನು ಅದರ ಕೆಳಗೆ ಒಡ್ಡಿದ. ಅವನ ಒಂದು ಕಿವಿಯ ಪಟ್ಟಿ ಕಳಚಿ ತೂಗಾಡುತ್ತಿತ್ತು. ಎದ್ದು ನಮ್ಮ ಕಡೆ ಒಮ್ಮೆ ನೋಡಿ, ಪಟ್ಟಿಯನ್ನು ಕಿತ್ತೆಸೆದು ಸಾಲಿಗೆ ಓಡಿದ.

ಸಂಜೆಯಿಂದ ಮಳೆ ಹಿಡಿದಿದ್ದರಿಂದ ಕುರ್ಚಿಗಳೆಲ್ಲ ಒದ್ದೆಯಾಗಿದ್ದವು. ಹಿಂದಿರುಗಿಸೋಣವೆಂದು ಆ ಮೂರು ರಟ್ಟುಗಳನ್ನೂ ಜೊತೆಗೆ ತಂದಿದ್ದೆ. ನೆರೆಮನೆಯ ಹಿರಿಯರು ಒಂದನ್ನು ತಮ್ಮ ಕೆಳಗೆ ಹಾಸಿಕೊಂಡು, ಒಂದನ್ನು ನನಗೆ ಕೊಟ್ಟು, ಮೂರನೆಯದನ್ನು ಹಿಂದಿನ ಸಾಲಿನಲ್ಲಿ ಮಗುವಿನೊಂದಿಗೆ ಬಂದಿದ್ದ ಹೆಂಗಸಿಗೆ ದಾಟಿಸಿದರು.